‘ಹುಟ್ಟದ ಕೂಸಿಗೊಂದು ಮತ’: ನಿಮ್ಮ ಲೇಖನದ ಬಗ್ಗೆ

ಪ್ರಿಯ ಸಹೋದರರೇ,

ನಿಮ್ಮ ಲೇಖನ ಕೈಸೇರಿತು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ, ಆದರೆ ತಳ್ಳಿಹಾಕುವ ಬರಹವೂ ಅಲ್ಲ. ಗರ್ಭಪಾತ ಪಾಪ, ಆದ್ದರಿಂದ ಅದನ್ನು ವಿರೋಧಿಸುವ ಅಭ್ಯರ್ಥಿಗೇ ಮುಂಬಯಿಯ ಕನ್ನಡ ಕ್ರೈಸ್ತರು ಮತ ಹಾಕಬೇಕು ಎಂಬುದು ನಿಮ್ಮ ವಾದ. ಮೊದಲರ್ಧ ನಿಮ್ಮ ನಂಬಿಕೆ, ಅದಕ್ಕೆ ಕತ್ತರಿ ಹಾಕುವುದು ನಮ್ಮ ಕೆಲಸವಲ್ಲ. ತೊಡಕು ಇರುವುದು ಆ ‘ಆದ್ದರಿಂದ’ದಲ್ಲಿ.

ಅಂಥ ಅಭ್ಯರ್ಥಿ ಯಾರು? ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮತಯಂತ್ರದ ಮುಂದೆ ನಿಂತವರಿಗೆ ಆ ಗುಂಡಿ ಕಾಣಿಸುವುದೇ ಇಲ್ಲ. ಅಮೆರಿಕದಲ್ಲಾದರೆ ನಿಮ್ಮ ಪ್ರಶ್ನೆಗೆ ಅರ್ಥವಿದೆ. ಗರ್ಭಪಾತವನ್ನು ಹಕ್ಕೆಂದ 1973ರ ರೋ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್ 24ರಂದು ರದ್ದು ಮಾಡಿತು. ಆಮೇಲೆ ಪ್ರತಿ ರಾಜ್ಯವೂ ತನ್ನದೇ ಕಾನೂನು ಮಾಡುತ್ತಿದೆ, ಪಕ್ಷಗಳೂ ಪರ–ವಿರೋಧವಾಗಿ ನಿಂತಿವೆ. ನಮ್ಮ 1971ರ ಗರ್ಭಪಾತ ಕಾಯ್ದೆ ಕೇಂದ್ರದ್ದು. ಅದಕ್ಕೆ ತಳಪಾಯ ಹಾಕಿದ ಸಮಿತಿಯ ಅಧ್ಯಕ್ಷ ಶಾಂತಿಲಾಲ್ ಶಾ ಇದೇ ಮಹಾರಾಷ್ಟ್ರದ ಆರೋಗ್ಯ ಮಂತ್ರಿಯಾಗಿದ್ದವರು. 2021ರ ತಿದ್ದುಪಡಿಯೂ ಚುನಾವಣೆಯ ಮಾತಾಗಲಿಲ್ಲ. ನಿಮ್ಮ ಎರಡರಿಂದ ನಾಲ್ಕನೇ ಪ್ಯಾರಾಗಳು ಬೇರೆ ದೇಶದ ಜಗಳವನ್ನು ಇಲ್ಲಿಗೆ ಹೊತ್ತು ತಂದಿವೆ. ಅವನ್ನು ತೆಗೆಯಿರಿ.

ಇನ್ನೊಂದು ಎಚ್ಚರಿಕೆ. ಅಭ್ಯರ್ಥಿ, ಆತನ ಏಜೆಂಟ್ ಅಥವಾ ಆತನ ಒಪ್ಪಿಗೆ ಪಡೆದವರು ಧರ್ಮದ ಹೆಸರಿನಲ್ಲಿ ಮತ ಕೇಳಿದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಂತೆ ಅದು ಚುನಾವಣಾ ಭ್ರಷ್ಟಾಚಾರ. ಮತದಾರರ ಧರ್ಮದ ಹೆಸರೂ ಇದರಲ್ಲಿ ಸೇರುತ್ತದೆ ಎಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರಲ್ಲಿ ಹೇಳಿತು. ಆ ಮೊಕದ್ದಮೆ ಹುಟ್ಟಿದ್ದು ನಮ್ಮದೇ ಸಾಂತಾಕ್ರೂಜ್‌ನ 1990ರ ಚುನಾವಣೆಯಿಂದ. ಪತ್ರಿಕೆಯ ಲೇಖನ ತಾನಾಗಿ ಇದರಡಿ ಬರುವುದಿಲ್ಲ. ಆದರೆ ಯಾವನೋ ಅಭ್ಯರ್ಥಿ ಅದರ ಜೆರಾಕ್ಸ್ ಮಾಡಿಸಿ ಭಾನುವಾರ ಚರ್ಚಿನ ಗೇಟಿನಲ್ಲಿ ಹಂಚಿದರೆ ಕತೆಯೇ ಬೇರೆ.

‘ಸಭೆ ಹೇಳುತ್ತದೆ’ ಎಂದು ಆರು ಕಡೆ ಬರೆದಿದ್ದೀರಿ. ಕ್ರೈಸ್ತ ಸಭೆಗಳು ಹಲವು, ಇದು ಯಾವ ಸಭೆ? ನಮ್ಮ ಓದುಗರಲ್ಲಿ ಕಥೋಲಿಕರಿದ್ದಾರೆ, ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್ ಮನೆಗಳೂ ಇವೆ. ಈ ಮನೆಗಳವರಿಗೆ ರೋಮಿನ ಕಥೋಲಿಕ ಸಭೆಯ ಕಾನೂನು ಅನ್ವಯಿಸದು. ಕಥೋಲಿಕರ ಮಾತೇ ಆದರೂ ಗರ್ಭಪಾತದ ಬಗ್ಗೆ ನೀವು ಕೊಟ್ಟ ಸಭಾ ಕಾನೂನಿನ ಸಂಖ್ಯೆ 1398 ಹಳೆಯದು, 2021ರ ಡಿಸೆಂಬರ್ 8ರಿಂದ ಅದು 1397ರ ಎರಡನೇ ಭಾಗ. ಮತದಾನದ ಬಗ್ಗೆ 2004ರಲ್ಲಿ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ ಆದವರು) ಬರೆದ ಟಿಪ್ಪಣಿಯಲ್ಲಿ ಅರ್ಧವನ್ನಷ್ಟೇ ಎತ್ತಿಕೊಂಡಿದ್ದೀರಿ. ಗರ್ಭಪಾತದ ಪರ ಇದ್ದಾನೆಂಬ ಕಾರಣಕ್ಕೇ ಒಬ್ಬನಿಗೆ ಮತ ಹಾಕಿದರೆ ತಪ್ಪು ಎಂಬುದು ಮೊದಲರ್ಧ. ಅದನ್ನು ಒಪ್ಪದೆ, ಅದಕ್ಕೆ ತೂಗುವಷ್ಟು ಬೇರೆ ಕಾರಣಗಳಿಗಾಗಿ ಹಾಕಿದರೆ ಒಪ್ಪಬಹುದು ಎಂಬುದು ಉಳಿದರ್ಧ.

ಕಾಯ್ದೆಯ ವಿಷಯದಲ್ಲೂ ತಪ್ಪುಗಳಿವೆ. ಗಂಡನ ಸಹಿ ಬೇಕೇಬೇಕು ಎಂದಿದ್ದೀರಿ. ಬೇಡ, ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು. ಆದರೂ ಗಂಡನನ್ನು ಕರೆದುಕೊಂಡು ಬಾ ಎನ್ನುವ ಆಸ್ಪತ್ರೆಗಳಿವೆ ಎಂದು ಬರೆದರೆ ನಿಜವಾಗುತ್ತದೆ. ಗರ್ಭಪಾತಕ್ಕೆ 24 ವಾರದ ಮಿತಿ ಎಲ್ಲರಿಗೂ ಅಲ್ಲ. 20ರವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ಕ್ಕೆ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು ಮುಂತಾದ ಕೆಲವರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯದೊಂದಿಗೆ. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ ಬೇರೆಯೇ, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ.

‘ಐರ್ಲೆಂಡಿನಂಥ ಕಾನೂನು ನಮಗೂ ಬರಲಿ’ ಎಂಬ ಸಾಲು ಓದಿ ಪೆನ್ನು ಕೆಳಗಿಟ್ಟೆ. ಕನ್ನಡ ಓದುವವರಿಗೆ ಐರ್ಲೆಂಡ್ ಎಂದರೆ ಬೆಳಗಾವಿಯ ಸವಿತಾ ಹಾಲಪ್ಪನವರ. ಹದಿನೇಳು ವಾರದ ಬಸಿರು ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭ ತೆಗೆಯಲು ಅಲ್ಲಿನ ಆಸ್ಪತ್ರೆ ಒಪ್ಪಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡರು. ಅಲ್ಲಿನ ಜನ 2018ರ ಮೇ 25ರ ಜನಮತದಲ್ಲಿ ಗರ್ಭಪಾತದ ಆ ನಿಷೇಧವನ್ನೇ ಕಿತ್ತುಹಾಕಿದರು. ಐರ್ಲೆಂಡನ್ನು ಹೊಗಳುವುದಿದ್ದರೆ ಸವಿತಾಗೆ ಉತ್ತರ ಕೊಟ್ಟು ಹೊಗಳಿ.

ಇನ್ನು ಏಳನೇ ಪ್ಯಾರಾ. ಘೋಡ್‌ಬಂದರ್ ರಸ್ತೆಯ ಕಟ್ಟಡದ ಶೆಡ್ಡಿನಲ್ಲಿರುವ ಯಾದಗಿರಿಯ ಹೆಂಗಸು, ನಾಲ್ಕನೇ ತಿಂಗಳು, ಮೂರನೇ ಬಸಿರು. ‘ಇದನ್ನೂ ಹಡದ್ರ ಆ ಎರಡಕ್ಕ ಏನ್ ಉಣಸ್ಲಿ?’ ಇಡೀ ಲೇಖನ ಈ ಒಂದು ಮಾತಿನಲ್ಲಿದೆ. ಅದಕ್ಕೆ ನಾಲ್ಕು ಸಾಲು ಕೊಟ್ಟು ‘ಸಭೆ ಅವಳ ನೆರವಿಗೆ ಬರಲಿ’ ಎಂದು ಮುಗಿಸಿದ್ದೀರಿ. ನೆರವು ಎಂದರೆ ಏನು, ಎಷ್ಟು, ಯಾರಿಂದ? ಕೇಂದ್ರದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5000 ಕೊಡುತ್ತದೆ, ಎರಡನೆಯದು ಹೆಣ್ಣಾದರೆ 6000. ಮೂರನೆಯದಕ್ಕೆ ಸೊನ್ನೆ. ಹೆರಿಗೆ ರಜೆಯ ಕಾನೂನು ಮೂರನೇ ಮಗುವಿಗೆ ಹನ್ನೆರಡು ವಾರದ ಸಂಬಳ ಕೊಡಿ ಎನ್ನುತ್ತದೆ, ಆದರೆ ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುವವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಕಟ್ಟಡ ಕಾರ್ಮಿಕರ ಮಂಡಳಿಗೆ ಹೆಸರು ನೋಂದಾಯಿಸಲು 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಕಂತ್ರಾಟುದಾರ ಅದಕ್ಕೆ ಸಹಿ ಹಾಕುವುದಿಲ್ಲ. ಅಂಗನವಾಡಿಯ ಆಹಾರಕ್ಕೆ ಮಾತ್ರ ಮಕ್ಕಳ ಲೆಕ್ಕವಿಲ್ಲ: ಬಸಿರಿನಲ್ಲಿ ಮತ್ತು ಹೆರಿಗೆಯಾದ ಆರು ತಿಂಗಳು ಅವಳ ಹಕ್ಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ ಉಚಿತ. ಆದರೆ ತಾಯಿ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು, ಆಧಾರಿನಲ್ಲಿ ತವರಿನ ಹೆಸರು ಇದ್ದರೆ ಅರ್ಜಿಗಳು ಹಿಂದೆ ಬರುತ್ತವೆ. ಮರಾಠಿ ಫಾರಂ ತುಂಬಬಲ್ಲ ಒಬ್ಬರು ಅವಳ ಜೊತೆ ಎರಡು ದಿನ ಓಡಾಡಿದರೆ ಆಗುವ ಕೆಲಸ ಇದು. ಸಭೆ ಮಾಡಬಹುದಾದದ್ದು ಇದನ್ನೇ, ಇದನ್ನು ಬರೆಯಿರಿ.

ಅವಳು ಮೆಡಿಕಲ್‌ನಲ್ಲಿ ಗುಳಿಗೆ ಕೇಳಿದ್ದನ್ನು ನೀವು ಬರೀ ಪಾಪವೆಂದು ತೋರಿಸಿದ್ದೀರಿ. ಗುಳಿಗೆಗೆ ಒಂಬತ್ತು ವಾರದ ಮಿತಿಯಿದೆ, ಅದೂ ವೈದ್ಯರ ಚೀಟಿಯ ಮೇಲೆ. ನಾಲ್ಕನೇ ತಿಂಗಳಲ್ಲಿ ತಾನೇ ನುಂಗಿದರೆ ಗರ್ಭ ಅರ್ಧ ಕಳಚಿ ರಕ್ತ ನಿಲ್ಲದೆ ಹೋಗಬಹುದು, ನಂಜೇರಬಹುದು. ಗರ್ಭಪಾತ ಒಪ್ಪದ ಓದುಗನಿಗೂ ಇದು ಗೊತ್ತಿರಬೇಕು. ‘ಹೆತ್ತು ಸಿಸ್ಟರುಗಳ ಕೈಗೆ ಕೊಡಲಿ’ ಎಂಬುದೂ ಹಾಗೆ ಆಗುವ ಕೆಲಸವಲ್ಲ. ಮಗುವನ್ನು ಒಪ್ಪಿಸಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಮನಸ್ಸು ಬದಲಿಸಲು ತಾಯಿಗೆ ಎರಡು ತಿಂಗಳ ಗಡುವಿದೆ.

‘ಮಾತೃತ್ವದ ಪವಿತ್ರ ಮಂದಿರದ ನಂದಾದೀಪ’ ಎಂಬ ನಿಮ್ಮ ಸಾಲನ್ನು ನಂದಿಸಿಬಿಡಿ.

ಒಂಬೈನೂರು ಪದದೊಳಗೆ, ಅವಳ ಮಾತಿನಿಂದಲೇ ಶುರುಮಾಡಿ ಮತ್ತೆ ಕಳಿಸಿ. ಮತದ ಮಾತು ಉಳಿಯಬೇಕಿದ್ದರೆ ಒಂದೇ ಪ್ಯಾರಾ: ಮೂರನೇ ಮಗುವಿನ ತಾಯಿಗೆ ಮಾತೃವಂದನಾ ದುಡ್ಡು ಏಕೆ ಇಲ್ಲ ಎಂದು ಯಾವ ಅಭ್ಯರ್ಥಿಯನ್ನಾದರೂ ಕೇಳಬಹುದು. ಒಂದು ಮಾತು: ಅವಳ ಹೆಸರು, ಹಳ್ಳಿ, ಬಿಲ್ಡರನ ಬೋರ್ಡು ಎಲ್ಲವನ್ನೂ ಬರೆದುಬಿಟ್ಟಿದ್ದೀರಿ. ಯಾದಗಿರಿ ಕಡೆಯವಳು ಎಂಬಷ್ಟೇ ಇರಲಿ.

ಇಂತು,
ಸಂಪಾದಕ