ಹಳೇ ಹೆಸರು, ಹೊಸ ಕೋವಿ: ಯಾರ ಮಾತು ನಂಬೋದು?

ಈ ಸಲ ಬಂದ ಪ್ರಶ್ನೆಗಳು ಬೇರೆ ಬೇರೆ ಊರಿನವು. ಕೇಳಿರುವುದು ಮಾತ್ರ ಹೆಚ್ಚುಕಮ್ಮಿ ಒಂದೇ. ನಿಂತುಹೋಗಿದ್ದ ಕೋವಿಯೊಂದು ಅದೇ ಹೆಸರಲ್ಲಿ ಮತ್ತೆ ಅಂಗಡಿಗೆ ಬಂದಿದೆ, ಹಳಬರು ಮೂಗು ಮುರಿಯುತ್ತಿದ್ದಾರೆ, ಹೊಸಬರು ಹೊಗಳುತ್ತಿದ್ದಾರೆ, ನಡುವೆ ದುಡ್ಡು ಕೊಡುವವನು ಏನು ಮಾಡಬೇಕು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಸರು ನೋಡಬೇಡಿ. ಯಾರು, ಎಲ್ಲಿ, ಯಾವಾಗ ಮಾಡಿದ್ದು ಅಂತ ನೋಡಿ.

ಪ್ರಶ್ನೆ: ಊರು ಹಾಸನ, ಈಗ ಇರುವುದು ಡಲ್ಲಾಸ್‌ನಲ್ಲಿ. ವಾರಕ್ಕೊಮ್ಮೆ ರೇಂಜಿಗೆ ಹೋಗುತ್ತೇನೆ. ಕೋಲ್ಟ್ ಪೈಥಾನ್ ರಿವಾಲ್ವರ್ ಮೇಲೆ ಬಹಳ ದಿನದಿಂದ ಕಣ್ಣು. ರೇಂಜಿನ ಹಿರಿಯರೊಬ್ಬರು "ಹೊಸದು ಪೈಥಾನೇ ಅಲ್ಲ, ಹಳೇದನ್ನು ಹುಡುಕು" ಅಂತಾರೆ. ಹಳೇದರ ಬೆಲೆ ಕೇಳಿದರೆ ತಲೆ ತಿರುಗುತ್ತೆ.

ಹೊಡೆಯೋಕೆ ಬೇಕಿದ್ದರೆ ಹೊಸದು ತಗೊಳ್ಳಿ. ಗಾಜಿನ ಬೀರುವಿನಲ್ಲಿಟ್ಟು ನೋಡೋಕೆ ಬೇಕಿದ್ದರೆ ಹಳೇದು. ಇಷ್ಟೇ ವಿಷಯ, ಆದರೆ ಆ ಹಿರಿಯರು ಸುಮ್ನೆ ಹೇಳುತ್ತಿಲ್ಲ, ಅವರ ಮಾತಿಗೂ ಕಾರಣ ಇದೆ.

ಪೈಥಾನ್ ಶುರುವಾಗಿದ್ದು 1955ರಲ್ಲಿ, .357 ಮ್ಯಾಗ್ನಂ ಗುಂಡಿಗೆ. ಒಳಗಿನ ಭಾಗಗಳನ್ನು ಕೆಲಸಗಾರರು ಕೈಯಲ್ಲಿ ಅರ ಹಾಕಿ ಒಂದೊಂದಾಗಿ ಕೂರಿಸುತ್ತಿದ್ದರು. ಮೇಲಿನ ನೀಲಿ ಹೊಳಪಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಂಥ ಕೆಲಸಕ್ಕೆ ಕೂಲಿ ಕೊಟ್ಟು ಪೂರೈಸುವುದು ಕಷ್ಟವಾಯಿತು. 2005ರ ಹೊತ್ತಿಗೆ ತಯಾರಿಕೆ ಪೂರ್ತಿ ನಿಂತಿತು. ನಿಂತ ಮೇಲೆ ಬೆಲೆ ಏರುವುದು ಗೊತ್ತಿರುವ ಕಥೆ.

2020ರಲ್ಲಿ ಮರಳಿ ಬಂದಿದ್ದು ಬೇರೆಯೇ ವಿನ್ಯಾಸ. ಒಳಗೆ 14 ಭಾಗ ಕಡಿಮೆ ಮಾಡಿದರು. ಹಿಂದಿನ ಗುರಿಕಣ್ಣಿನ ಕೆಳಗೆ ಲೋಹ ದಪ್ಪ ಮಾಡಿದರು. ಭಾಗಗಳನ್ನು ಕಂಪ್ಯೂಟರ್ ಯಂತ್ರ ಕಡೆಯುತ್ತದೆ, ಕೈ ಅಲ್ಲ. ಬಿಡುಗಡೆಯಾದಾಗ ಬೆಲೆ 1,499 ಡಾಲರ್. ಮೊದಲ ತಿಂಗಳುಗಳಲ್ಲಿ ದೂರುಗಳೂ ಬಂದವು. ಕೆಲವರ ಕೈಯಲ್ಲಿ ಟ್ರಿಗರ್ ಎಳೆದರೂ ಗುಂಡು ತುಂಬುವ ಸಿಲಿಂಡರ್ ಸರಿಯಾಗಿ ತಿರುಗಲಿಲ್ಲ. ಹಳಬರಿಗೆ ಅಷ್ಟೇ ಸಾಕಾಗಿತ್ತು, "ನೋಡಿದೆಯಾ, ಹೇಳಿರಲಿಲ್ವಾ" ಅಂದರು. ಆದರೆ ಅದೇ ಹಳಬರು ಹೇಳದ ಇನ್ನೊಂದು ಮಾತಿದೆ. ಹಳೇ ಪೈಥಾನಿನ ಟ್ರಿಗರ್ ಎಳೆಯುತ್ತಾ ಹೋದಂತೆ ಕೊನೆಗೆ ಭಾರವಾಗುತ್ತದೆ. ಜಾಸ್ತಿ ಹೊಡೆದರೆ ಅದರ ಟೈಮಿಂಗ್ ತಪ್ಪುತ್ತದೆ, ಅಂದರೆ ಗುಂಡಿಗೆ ಬಡಿಯುವ ಹ್ಯಾಮರ್ ಬೀಳುವ ಹೊತ್ತಿಗೆ ಸಿಲಿಂಡರಿನ ಕೋಣೆ ನಳಿಗೆಗೆ ಸರಿಯಾಗಿ ಎದುರು ನಿಂತಿರುವುದಿಲ್ಲ. ಅದನ್ನು ರಿಪೇರಿ ಮಾಡುವ ಕೈ ಈಗ ಬಹಳ ಕಮ್ಮಿ. ಹೊಸದರ ಟ್ರಿಗರ್ ಮೊದಲಿಂದ ಕೊನೆವರೆಗೆ ಹೆಚ್ಚುಕಮ್ಮಿ ಒಂದೇ ಸಮ.

ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ, ಖಾಲಿ ಸಿಲಿಂಡರನ್ನು ಆರೂ ಕೋಣೆಗೆ ನಿಧಾನವಾಗಿ ತಿರುಗಿಸಿ ನೋಡಿ. ಮೊದಲ ವರ್ಷದ ಮಾಲಿಗಿಂತ ಆಮೇಲಿನದು ಮೇಲು.

ಪ್ರಶ್ನೆ: ಮಿನ್ನೆಸೋಟದಲ್ಲಿದ್ದೇನೆ. ಜಿಂಕೆ ಬೇಟೆಯ ಸೀಸನ್ನಿಗೆ ಲೈಸೆನ್ಸ್ ಮಾಡಿಸಿದ್ದೇನೆ. ಟ್ರಿಗರ್ ಕೆಳಗಿನ ಹಿಡಿ (ಲಿವರ್) ಎಳೆದು ಗುಂಡು ತುಂಬುವ ಮಾರ್ಲಿನ್ 336 ರೈಫಲ್ ಬೇಕು. ಆಫೀಸಿನ ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: "ಜೆಎಂ ಹುಡುಕು", "ರೆಮ್ಲಿನ್ ಮುಟ್ಟಬೇಡ", "ರೂಗರ್ ಮಾಡಿದ್ದು ತಗೋ". ಏನಿದು?

ಕೋವಿ ಹುಚ್ಚಿನವರ ಸಿಟ್ಟು ಯಾವಾಗ ಸರಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮಾರ್ಲಿನ್ 1870ರಲ್ಲಿ ಕನೆಕ್ಟಿಕಟ್‌ನಲ್ಲಿ ಶುರುವಾದ ಕಂಪನಿ. ಹುಟ್ಟುಹಾಕಿದವರು ಜಾನ್ ಮಾರ್ಲಿನ್. ನಳಿಗೆಯ ಮೇಲಿನ ಜೆಎಂ ಮುದ್ರೆ ಅವರ ಹೆಸರಿನ ಅಕ್ಷರಗಳು. 2007ರ ಕೊನೆಗೆ ಇದನ್ನು ಕೊಳ್ಳುವುದಾಗಿ ಇನ್ನೊಂದು ಕೋವಿ ಕಂಪನಿ ರೆಮಿಂಗ್ಟನ್ ಹೇಳಿತು. ಆಮೇಲೆ ಹಳೇ ಕಾರ್ಖಾನೆ ಮುಚ್ಚಿ ಯಂತ್ರಗಳನ್ನು ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿಸಿದರು. ಯಂತ್ರ ಹೋಯಿತು, ಜನ ಹೋಗಲಿಲ್ಲ. ಸವೆದ ಯಂತ್ರದ ಯಾವ ಹಿಡಿಯನ್ನು ಎಷ್ಟು ತಿರುಗಿಸಿದರೆ ಅಳತೆ ಸರಿ ಬರುತ್ತೆ ಅನ್ನುವುದು ಕಾಗದದಲ್ಲಿ ಇರಲಿಲ್ಲ, ಕೆಲಸಗಾರರ ಕೈಯಲ್ಲಿತ್ತು. ನಮ್ಮಲ್ಲೂ ಹಾಗೇ ಅಲ್ವಾ, ಅಜ್ಜಿ ಸತ್ತ ಮೇಲೆ ಉಪ್ಪಿನಕಾಯಿ ಜಾಡಿ ಮಾತ್ರ ಉಳಿಯುತ್ತೆ.

ಫಲಿತಾಂಶ ಎಲ್ಲರ ಕಣ್ಣಿಗೂ ಬಿತ್ತು. ಓರೆಯಾಗಿ ಕೂತ ಗುರಿಕಣ್ಣು, ಲೋಹಕ್ಕೆ ಸರಿಯಾಗಿ ಸೇರದ ಮರ, ಸರಾಗವಾಗಿ ಓಡದ ಲಿವರ್. ರೆಮಿಂಗ್ಟನ್, ಮಾರ್ಲಿನ್ ಎರಡನ್ನೂ ಕೂಡಿಸಿ "ರೆಮ್ಲಿನ್" ಅನ್ನೋ ಅಡ್ಡಹೆಸರು ಹುಟ್ಟಿದ್ದು ಆಗ. ಕೊನೆಯ ವರ್ಷಗಳಲ್ಲಿ ಗುಣಮಟ್ಟ ಸುಧಾರಿಸಿತ್ತು ಅಂತ ಬಳಸಿದವರು ಹೇಳುತ್ತಾರೆ, ಅದೂ ನಿಜವೇ, ಆದರೆ ಅಡ್ಡಹೆಸರು ಒಮ್ಮೆ ಅಂಟಿದರೆ ಬಿಡುತ್ತಾ? 2020ರಲ್ಲಿ ರೆಮಿಂಗ್ಟನ್ ದಿವಾಳಿಯಾಗಿ ಅದರ ಆಸ್ತಿ ಹರಾಜಿಗೆ ಬಂತು. ಸುಮಾರು 3 ಕೋಟಿ ಡಾಲರ್ ಕೊಟ್ಟು ರೂಗರ್ ಅನ್ನೋ ಕೋವಿ ಕಂಪನಿ ಮಾರ್ಲಿನ್ ಹೆಸರು ಕೊಂಡಿತು. ಅವಸರ ಮಾಡಲಿಲ್ಲ. ನಾರ್ತ್ ಕೆರೊಲಿನಾದ ಮೇಯೊಡನ್‌ನಲ್ಲಿ ತಯಾರಿಕೆಗೆ ಸಜ್ಜಾಗಲು ಒಂದು ವರ್ಷಕ್ಕೂ ಜಾಸ್ತಿ ತೆಗೆದುಕೊಂಡಿತು. ಮೊದಲ ರೈಫಲ್ 1895 ಎಸ್‌ಬಿಎಲ್ ಬಂದಿದ್ದು 2021ರ ಡಿಸೆಂಬರಿನಲ್ಲಿ. ನಿಮಗೆ ಬೇಕಾದ 336 ಬಂದಿದ್ದು 2023ರಲ್ಲಿ. ಬಹಳ ಜನ ಹಳಬರು ಕೂಡ ಇದು ಜೆಎಂ ಕಾಲದ್ದಕ್ಕಿಂತ ಚೆನ್ನಾಗಿದೆ ಅಂತ ಒಪ್ಪಿಕೊಂಡರು. ಕೋವಿ ಲೋಕದಲ್ಲಿ ಇದು ಅಪರೂಪ.

ಗುರುತು ಸುಲಭ. ಹಳೇದರ ನಳಿಗೆ ಮೇಲೆ ಜೆಎಂ ಮುದ್ರೆ ಇರುತ್ತೆ. ರೆಮಿಂಗ್ಟನ್ ಕಾಲದ ಕೋವಿಯ ಸೀರಿಯಲ್ ನಂಬರ್ "ಎಂಆರ್" ಅಂತ ಶುರು, ರೂಗರ್ ಕಾಲದ್ದು "ಆರ್‌ಎಂ" ಅಂತ ಶುರು. ಅಕ್ಷರ ಹಿಂದುಮುಂದಾದರೆ ಕೋವಿಯೇ ಬೇರೆ, ಆನ್‌ಲೈನ್ ಫೋಟೊ ನೋಡುವಾಗ ಜೋಪಾನ. ಒಳ್ಳೆ ಸ್ಥಿತಿಯ ಜೆಎಂ ಕೈಗೆಟುಕುವ ಬೆಲೆಗೆ ಸಿಕ್ಕರೆ ಬಿಡಬೇಡಿ, ಇಲ್ಲದಿದ್ದರೆ ರೂಗರ್ ಮಾಡಿದ್ದನ್ನು .30-30 ಅನ್ನೋ ಅಳತೆಯ ಗುಂಡಿನದು ತಗೊಳ್ಳಿ. ನಿಮ್ಮ ಕಾಡಿಗೆ ಅದು ಸಾಕು.

ಹಳಬರು ಇಷ್ಟು ಅನುಮಾನದ ಪ್ರಾಣಿಗಳಾಗಿದ್ದಕ್ಕೆ 1964 ಅನ್ನೋ ವರ್ಷವೂ ಕಾರಣ. ಆ ವರ್ಷ ವಿಂಚೆಸ್ಟರ್ ಕಂಪನಿ ಖರ್ಚು ಉಳಿಸಲು ಮಾಡೆಲ್ 70, ಮಾಡೆಲ್ 94 ಎರಡೂ ರೈಫಲ್‌ಗಳ ತಯಾರಿಕೆಯನ್ನು ಅಗ್ಗ ಮಾಡಿತು. ಇವತ್ತಿಗೂ "64ಕ್ಕೆ ಮುಂಚಿನದು" ಅಂದರೆ ಬೆಲೆ ಜಾಸ್ತಿ. 94 ಈಗ ತಯಾರಾಗುವುದು ಜಪಾನಿನ ಕೊಚ್ಚಿಯಲ್ಲಿ (ನಮ್ಮ ಪಕ್ಕದ ಕೊಚ್ಚಿ ಅಲ್ಲ!), ಮಿರೊಕು ಅನ್ನೋ ಕಂಪನಿಯಲ್ಲಿ. ಕೆಲಸ ಬಹಳ ಅಚ್ಚುಕಟ್ಟು. ಆದರೂ ಹಿಂದೆ ಇಲ್ಲದ ಸೇಫ್ಟಿ ಗುಂಡಿ ಯಾಕೆ ಇಟ್ಟರು ಅಂತ ಗೊಣಗುವವರು ಇದ್ದೇ ಇದ್ದಾರೆ.

ಪ್ರಶ್ನೆ: ಸ್ಮಿತ್ ಅಂಡ್ ವೆಸನ್ ರಿವಾಲ್ವರಿನ ಪಕ್ಕದಲ್ಲಿರುವ ಸಣ್ಣ ತೂತಿನ ಬಗ್ಗೆ ಅಮೆರಿಕದವರಿಗೆ ಅಷ್ಟು ಕೋಪ ಯಾಕೆ?

ಅದು ಬೀಗದ ತೂತು. ಕೀಲಿ ಹಾಕಿದರೆ ರಿವಾಲ್ವರ್ ಕೆಲಸ ಮಾಡಲ್ಲ. 2000ದಲ್ಲಿ ಕಂಪನಿ ಕೋವಿಗಳಿಗೆ ಬೀಗದಂಥ ಸುರಕ್ಷತೆ ಅಳವಡಿಸುವುದಾಗಿ ಕ್ಲಿಂಟನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು, ಗಿರಾಕಿಗಳು ತಿರುಗಿಬಿದ್ದು ಬಹಿಷ್ಕಾರ ಹಾಕಿದರು. ಬ್ರಿಟನ್ನಿನ ಮಾಲೀಕರು ಮರುವರ್ಷ ಅದನ್ನು ಬರೀ 1.5 ಕೋಟಿ ಡಾಲರಿಗೆ ಮಾರಿದರು. ಕೊಂಡವರು ಯಾರು ಅಂತೀರಿ? ಕೋವಿ ಬೀಗ ಮಾಡುವ ಕಂಪನಿ! ಬೀಗ ಬಂತು, ಕಾಲು ಶತಮಾನ ಉಳಿಯಿತು. ತಾನಾಗಿ ಬೀಗ ಬಿದ್ದು ಅಪಾಯವಾದದ್ದು ತೀರಾ ಅಪರೂಪ. ಕೋಪ ಇರುವುದು ಯಂತ್ರದ ಮೇಲಲ್ಲ, ರಾಜಕೀಯದ ಮೇಲೆ. ಈಗ ತೂತಿಲ್ಲದ ಮಾದರಿಗಳು ಮರಳಿ ಬರುತ್ತಿವೆ, ಹಳಬರು ಹಬ್ಬ ಮಾಡುತ್ತಿದ್ದಾರೆ.

ಪ್ರಶ್ನೆ: ಸೇನೆಯಿಂದ ನಿವೃತ್ತನಾಗಿ ಬೆಳಗಾವಿಯಲ್ಲಿದ್ದೇನೆ. ಕೆಲಸದಲ್ಲಿದ್ದಾಗ 9 ಎಂಎಂ 1ಎ ಪಿಸ್ತೂಲು ಬಳಸಿದ್ದೆ. ಅದೇ ಪಿಸ್ತೂಲು ಅಮೆರಿಕದಲ್ಲಿ ಮತ್ತೆ ಬಂದಿದೆ ಅಂತ ಮಗ ಹೇಳಿದ. ನಿಜವಾ? ನನಗೆ ಸಿಗುತ್ತಾ?

ನಿಜ, ಸರ್. ನಿಮಗೆ ಸಿಗಲ್ಲ. 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಆದರೆ ಕಥೆ ಕೇಳಿ, ಖುಷಿಯಾಗುತ್ತೆ.

ನೀವು ಬಳಸಿದ್ದು ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದ ಬ್ರೌನಿಂಗ್ ಹೈ-ಪವರ್. ಜಾನ್ ಬ್ರೌನಿಂಗ್ ಶುರುಮಾಡಿ, 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಸೈವ್ ಮುಗಿಸಿದ ಪಿಸ್ತೂಲು. ಬಂದಿದ್ದು 1935ರಲ್ಲಿ. ಎಂಬತ್ತು ವರ್ಷಕ್ಕೂ ಜಾಸ್ತಿ ನಡೆದು ನಿಂತಿತು. 2021ರಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಸ್‌ಎ-35 ಅಂತ ತಂದಿತು, ಬೆಲೆ 699 ಡಾಲರ್. ಮರುವರ್ಷ ಎಫ್‌ಎನ್ ತಾನೇ ಹೈ ಪವರ್ ಅಂತ ಒಂದನ್ನು ತಂದಿತು, ಬೆಲೆ ಹೆಚ್ಚುಕಮ್ಮಿ ಎರಡು ಪಟ್ಟು. ತಮಾಷೆ ಏನಂದರೆ, ಹೊರಗಿನ ಕಂಪನಿ ಮಾಡಿದ್ದೇ ಹಳೇದರ ಹಾಗಿದೆ, ಮೂಲ ಕಂಪನಿಯದು ಹಾಗಿಲ್ಲ. ಎಫ್‌ಎನ್‌ನ ಹೊಸದಕ್ಕೆ ಗುಂಡು ತುಂಬುವ ಹಳೇ ಮ್ಯಾಗಜೀನ್ ಕೂಡ ಹೊಂದಲ್ಲ. ಹೊಡೆದು ನೋಡಿದವರಲ್ಲಿ ಬಹಳ ಜನ ಪಿಸ್ತೂಲು ಚೆನ್ನಾಗಿದೆ, ಆದರೆ ಹೆಸರು ಯಾಕೆ ಇಟ್ಟರು ಅಂದರು. ನನ್ನ ಅಭಿಪ್ರಾಯವೂ ಅದೇ.

ಹಳೇದರ ಎರಡು ಕಾಟ ನಿಮಗೂ ನೆನಪಿರಬೇಕು. ಒಂದು, ಹೆಬ್ಬೆರಳು-ತೋರುಬೆರಳಿನ ನಡುವಿನ ಚರ್ಮವನ್ನು ಹ್ಯಾಮರ್ ಕಚ್ಚುವುದು. ಇನ್ನೊಂದು, ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತೆ ಇಟ್ಟ ಸೇಫ್ಟಿ, ಟ್ರಿಗರ್ ಎಳೆತ ಕೆಟ್ಟದಾಗಿದ್ದು ಅದರಿಂದ. ಎಸ್‌ಎ-35ರಲ್ಲಿ ಎರಡನ್ನೂ ಸರಿಪಡಿಸಿದ್ದಾರೆ. ಮಗ ಅಲ್ಲೇ ಇದ್ದರೆ, ಹೋದಾಗ ರೇಂಜಿನಲ್ಲಿ ಬಾಡಿಗೆಗೆ ಸಿಗುತ್ತಾ ಕೇಳಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಆತ್ಮರಕ್ಷಣೆಗೆ ರಿವಾಲ್ವರ್ ಲೈಸೆನ್ಸ್ ಸಿಕ್ಕಿದೆ. ವೆಬ್ಲಿ ಒಳ್ಳೇದಾ, ಕಾನ್ಪುರದ ಪ್ರಬಲ್ ಒಳ್ಳೇದಾ?

ವೆಬ್ಲಿ ಅಂಡ್ ಸ್ಕಾಟ್ ಬರ್ಮಿಂಗ್‌ಹ್ಯಾಮಿನ ಹೆಸರು. ಈಗ ಆ ಹೆಸರಿನ .32 ಬೋರ್ ರಿವಾಲ್ವರ್ ತಯಾರಾಗುವುದು ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ. ಸಂಡೀಲಾ ಲಡ್ಡಿಗೆ ಪ್ರಸಿದ್ಧ, ಈಗ ರಿವಾಲ್ವರಿಗೂ. ಇದು ಮಧ್ಯಕ್ಕೆ ಮಡಚಿಕೊಳ್ಳುವ ಹಳೇ ವಿನ್ಯಾಸ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, 2014ರ ನಿರ್ಭೀಕ್ ರಿವಾಲ್ವರ್ ಎಲ್ಲವೂ ಇದೇ ವೆಬ್ಲಿಯ ಮಾದರಿಯವು. ಹಾಗಾಗಿ ಮೂಲ ಮನೆತನವೇ ಬಂದು ನಕಲಿನ ಜೊತೆ ಪೈಪೋಟಿಗೆ ನಿಂತಂತಾಗಿದೆ. 2023ರ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಅದು ನಿಜವಾದ ಸುಧಾರಣೆ. ಚೌಕಟ್ಟು ಮಡಚಬೇಕಾಗಿಲ್ಲ, ಗಟ್ಟಿಯಾಗಿರುತ್ತದೆ.

50 ಮೀಟರ್ ಹೊಡೆಯುತ್ತೆ ಅನ್ನೋ ಪ್ರಚಾರಕ್ಕೆ ಮಾತ್ರ ಮರುಳಾಗಬೇಡಿ. ನಳಿಗೆ 76 ಮಿ.ಮೀ. ಅಷ್ಟೇ. 50 ಮೀಟರ್ ದೂರದವನ ಮೇಲೆ ಗುಂಡು ಹಾರಿಸಿ ಆತ್ಮರಕ್ಷಣೆ ಅಂತ ಕೋರ್ಟಿನಲ್ಲಿ ಹೇಳುವುದು ಸುಲಭ ಅಲ್ಲ. ನಾನಾದರೆ ಪ್ರಬಲ್ ಆರಿಸುತ್ತೇನೆ. ಎರಡನ್ನೂ ಕೈಯಲ್ಲಿ ಹಿಡಿದು, ಖಾಲಿ ಇರುವಾಗ ಟ್ರಿಗರ್ ಎಳೆದು ನೋಡಿ. ಬೆರಳು ನಡುಗದೆ ಎಳೆಯಲು ಆಗುವುದೇ ನಿಮ್ಮದು.

ಪ್ರಶ್ನೆ: ವಿರಾಜಪೇಟೆ ಕಡೆಯವನು. ಅಜ್ಜನ ಕಾಲದ ಇಂಗ್ಲೆಂಡಿನ ಜೋಡಿ ನಳಿಗೆ ತೋಟಾ ಕೋವಿ ಇದೆ. ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧ ಹಬ್ಬ) ತೋಕ್ ಪೂ, ಅಂದರೆ ಕೋವಿ ಹೂ ಇಟ್ಟು ಪೂಜೆ ಮಾಡುತ್ತೇವೆ. ತಮ್ಮ "ಕೊಟ್ಟು ಹೊಸದು ತರೋಣ, ತೆಂಗಿನಕಾಯಿ ಹೊಡೆಯೋ ಸ್ಪರ್ಧೆಗೆ ಆಗುತ್ತೆ" ಅನ್ನುತ್ತಾನೆ.

ಕೊಡಬೇಡಿ. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಅಂಥ ಕೋವಿಯನ್ನು ಇವತ್ತು ಯಾರೂ ಆ ಬೆಲೆಗೆ ಮರಳಿ ಮಾಡಲ್ಲ. ಹೊರದೇಶದಿಂದ ಕೋವಿ ತರಿಸುವುದು ಸಾಮಾನ್ಯ ಜನರಿಗೆ ಎಂಬತ್ತರ ದಶಕದಿಂದಲೇ ಬಂದ್. ಹೋದರೆ ಹೋಯಿತು.

ಆದರೆ ಹಾಗೇ ಹೊಡೆಯಲೂ ಬೇಡಿ. ಆ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಚೇಂಬರ್, ಅಂದರೆ ತೋಟಾ ಕೂರುವ ಜಾಗದ ಉದ್ದ ಸಾಮಾನ್ಯವಾಗಿ 65 ಮಿ.ಮೀ. ಈಗಿನ ತೋಟಾ ಬಹಳಷ್ಟು 70 ಮಿ.ಮೀ. ಹಾಕುವಾಗ ಸಲೀಸಾಗಿ ಒಳಗೆ ಹೋಗುತ್ತೆ, ಮೋಸ ಇರುವುದು ಅಲ್ಲೇ. ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳುವುದು ಹೊಡೆದಾಗ. ಆಗ ಅದು ಚೇಂಬರ್ ದಾಟಿ ಮುಂದಿನ ಇಕ್ಕಟ್ಟಿಗೆ ಚಾಚುತ್ತದೆ, ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಉಕ್ಕಿನ ಪಟ್ಟಿ ಹೊಸೆದು ಬೆಸೆದದ್ದು, ಕರಿಮದ್ದಿನ ಕಾಲದ್ದು. ಅದಕ್ಕೆ ಪೂಜೆ ಮಾತ್ರ. ಉಕ್ಕಿನ ನಳಿಗೆಯಾದರೆ ತಳದಲ್ಲಿ "ನೈಟ್ರೋ ಪ್ರೂಫ್" (ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಅನ್ನೋ) ಮುದ್ರೆ ಇದೆಯಾ ನೋಡಿಸಿ, ಒಳಗೆ ತುಕ್ಕಿನ ಗುಳಿ ಇದೆಯಾ ನೋಡಿಸಿ.

ಕಾಗದದ ವಿಷಯ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೂ ಕೋವಿ ಯಾರ ಹೆಸರಲ್ಲಿದೆ ಅನ್ನುವುದು ಸರಿಯಿರಬೇಕು. ಅಜ್ಜನ ಹೆಸರಲ್ಲೇ ಉಳಿದಿದ್ದರೆ ಮಡಿಕೇರಿಗೆ ಹೋಗಿ ಮೊದಲು ಅದನ್ನು ಸರಿಮಾಡಿಸಿ.

ತಮ್ಮನಿಗೆ ಸ್ಪರ್ಧೆಗೆ ಬೇಕಿದ್ದರೆ ಬೇರೆ ಏರ್ಪಾಡು ಮಾಡಿಕೊಳ್ಳಲಿ. ನೀವು ನಳಿಗೆಯ ಕೆಳಗಿನ ಮುದ್ರೆಗಳನ್ನು ಹಗಲು ಬೆಳಕಿನಲ್ಲಿ, ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಹತ್ತಿರದಿಂದ ಫೋಟೊ ತೆಗೆದು ಕಳಿಸಿ. ಯಾವ ವರ್ಷದ ಆಸುಪಾಸಿನದು ಅಂತ ಮುಂದಿನ ಕಂತಿನಲ್ಲಿ ಹೇಳುತ್ತೇನೆ.