ನೌಕೆ ತಾನೇ ಹಾರುವಾಗ ಮನುಷ್ಯ ಯಾಕೆ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಬಾಹ್ಯಾಕಾಶ ಯಾನದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ‘ಈಗಿನ ಗಗನಯಾತ್ರಿಗಳು ಟಚ್‌ಸ್ಕ್ರೀನ್ ಮುಂದೆ ಸುಮ್ನೆ ಕೂತಿರುತ್ತಾರೆ. ಹಾರಿಸೋದು, ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸೋದು, ಇಳಿಸೋದು ಎಲ್ಲ ಕಂಪ್ಯೂಟರ್. ಮತ್ತೆ ಅಷ್ಟು ದುಡ್ಡು ಸುರಿದು ಮನುಷ್ಯರನ್ನು ಯಾಕೆ ಕಳಿಸಬೇಕು? ಮೊದಲಿನವರ ಎದೆಗಾರಿಕೆ ಇವರಿಗೆಲ್ಲಿ?’ ಎಂದು ಕೇಳಿದ್ದೀರಿ. ಹತ್ತು ವರ್ಷದಲ್ಲಿ ಮನುಷ್ಯ ಮಂಗಳಕ್ಕೆ ಹೋಗುತ್ತಾನೆ ಅನ್ನೋದು ನಿಜವಾ ಎಂದೂ ಕೇಳಿದ್ದೀರಿ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ, ಹಾಗಾಗಿ ಈ ಉದ್ದದ ಉತ್ತರ.

ಮೊದಲು ಎದೆಗಾರಿಕೆಯ ವಿಷಯ. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್ ಕೂತಿದ್ದ ವೊಸ್ತೋಕ್ ನೌಕೆ ಕೂಡ ತಾನಾಗಿಯೇ ಹಾರಿದ್ದು. ತೂಕವೇ ಇಲ್ಲದ ಕಡೆ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿ ಇರುತ್ತೋ ಇಲ್ಲವೋ ಎಂಬ ಅನುಮಾನ ಆಗ ಇತ್ತು. ಅದಕ್ಕೇ ಕೈಯಿಂದ ನಡೆಸುವ ನಿಯಂತ್ರಣಕ್ಕೆ ಬೀಗ ಹಾಕಿ, ಅದನ್ನು ತೆರೆಯುವ 125 ಎಂಬ ಸಂಖ್ಯೆಯನ್ನು ಲಕೋಟೆಯಲ್ಲಿಟ್ಟು ನೌಕೆಯೊಳಗೆ ಇರಿಸಿದ್ದರು. (ಹೊರಡುವ ಮೊದಲೇ ಆ ಸಂಖ್ಯೆಯನ್ನು ಅವರ ಕಿವಿಗೆ ಹಾಕಿಬಿಟ್ಟಿದ್ದರಂತೆ, ಅದು ಬೇರೆ ಮಾತು.) 1967ರಲ್ಲಿ ಕಾಸ್ಮೋಸ್ 186 ಮತ್ತು 188 ಎಂಬ ಎರಡು ಸೋವಿಯತ್ ನೌಕೆಗಳು ಒಳಗೆ ಯಾರೂ ಇಲ್ಲದೆಯೇ ಕಕ್ಷೆಯಲ್ಲಿ ಜೋಡಿಯಾದವು. ಯಂತ್ರವೇ ಹಾರಿಸೋದು ಇವತ್ತಿನ ಕಥೆಯಲ್ಲ.

ನಿಜಕ್ಕೂ ಹೊಸದು ಅಂದರೆ ಸಾಗಣೆಯ ಖರ್ಚು ಇಳಿದದ್ದು. 2015ರ ಡಿಸೆಂಬರ್‌ನಲ್ಲಿ ಸ್ಪೇಸ್ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಕೆಳಭಾಗ ಉಪಗ್ರಹಗಳನ್ನು ಕಳಿಸಿ ವಾಪಸ್ ಬಂದು ನೆಟ್ಟಗೆ ನಿಂತಿತು. 2017ರಲ್ಲಿ ಬಳಸಿದ ರಾಕೆಟ್ಟನ್ನೇ ಮತ್ತೆ ಹಾರಿಸಿದರು. ಈಗ ಒಂದೇ ರಾಕೆಟ್ 20ಕ್ಕೂ ಹೆಚ್ಚು ಸಲ ಹೋಗಿ ಬಂದ ಉದಾಹರಣೆಗಳಿವೆ. ನಾಸಾ ಸಂಶೋಧಕರೊಬ್ಬರು 2018ರಲ್ಲಿ ಹಾಕಿದ ಲೆಕ್ಕದಂತೆ, ಒಂದು ಕಿಲೋ ಸಾಮಾನನ್ನು ಭೂಮಿಯ ಹತ್ತಿರದ ಕಕ್ಷೆಗೆ ಒಯ್ಯಲು ನಾಸಾದ ಹಳೆಯ ನೌಕೆ ಸ್ಪೇಸ್ ಶಟಲ್‌ನಲ್ಲಿ ಸುಮಾರು 54,500 ಡಾಲರ್ ಬೀಳುತ್ತಿತ್ತು. ಫಾಲ್ಕನ್ 9ರಲ್ಲಿ ಅದು ಸುಮಾರು 2,700.

ಆದರೆ ಇಲ್ಲೊಂದು ವಿಷಯವಿದೆ, ಅದನ್ನು ಯಾರೂ ಜಾಸ್ತಿ ಹೇಳೋದಿಲ್ಲ. ಸರಕಿನ ದರ ಇಪ್ಪತ್ತು ಪಟ್ಟು ಇಳಿಯಿತು, ಮನುಷ್ಯನ ಸೀಟಿನ ದರ ಹಾಗೆ ಇಳಿಯಲಿಲ್ಲ. ಅದೇ ರಾಕೆಟ್ ಮೇಲೆ ಹೋಗುವ ಡ್ರ್ಯಾಗನ್ ನೌಕೆಯ ಒಂದು ಸೀಟಿಗೆ ಸುಮಾರು 5.5 ಕೋಟಿ ಡಾಲರ್ ಆಗುತ್ತದೆ ಎಂದು 2019ರಲ್ಲಿ ನಾಸಾದ ಲೆಕ್ಕಪರಿಶೋಧಕರು ಅಂದಾಜು ಮಾಡಿದ್ದರು. ಸರಕು ಉಸಿರಾಡೋದಿಲ್ಲ ಅಲ್ವಾ? ಮನುಷ್ಯನಿಗೆ ಗಾಳಿ, ನೀರು, ಹದವಾದ ಬಿಸಿ ಬೇಕು. ರಾಕೆಟ್ ಕೈಕೊಟ್ಟರೆ ತಪ್ಪಿಸಿಕೊಳ್ಳಲು ಬೇರೆ ಎಂಜಿನ್ ಬೇಕು. ಖರ್ಚು ಹೋಗೋದು ಅಲ್ಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅರ್ಧ ಒಪ್ಪುತ್ತೇನೆ. 2021ರಲ್ಲಿ ಇನ್‌ಸ್ಪಿರೇಷನ್ 4 ಯಾನದಲ್ಲಿ ವೃತ್ತಿಪರ ಗಗನಯಾತ್ರಿ ಒಬ್ಬರೂ ಇಲ್ಲದೆ ನಾಲ್ವರು ಮೂರು ದಿನ ಭೂಮಿ ಸುತ್ತಿ ಬಂದರು. ತರಬೇತಿ ಪಡೆದಿದ್ದರು ನಿಜ, ಆದರೂ ನೌಕೆ ನಡೆಸಿದ್ದು ಕಂಪ್ಯೂಟರೇ. ಅವರನ್ನು ಪ್ರಯಾಣಿಕರು ಅಂದರೆ ತಪ್ಪಿಲ್ಲ.

ಇನ್ನರ್ಧಕ್ಕೆ 2024ರ ಜೂನ್‌ಗೆ ಬನ್ನಿ. ನಾಸಾದ ಗಗನಯಾತ್ರಿಗಳಾದ ಬುಚ್ ವಿಲ್ಮೋರ್ ಮತ್ತು ಸುನಿತಾ ವಿಲಿಯಮ್ಸ್ ಇದ್ದ, ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆ ನಿಲ್ದಾಣದ ಹತ್ತಿರ ಹೋಗುವಾಗ, ಅದನ್ನು ಅತ್ತಿತ್ತ ತಿರುಗಿಸುವ ಪುಟ್ಟ ಎಂಜಿನ್‌ಗಳಾದ ಐದು ಥ್ರಸ್ಟರ್‌ಗಳು ನಿಂತುಬಿಟ್ಟವು. ವಿಲ್ಮೋರ್ ಕೈಯಾರೆ ನೌಕೆಯನ್ನು ಹಿಡಿತದಲ್ಲಿಟ್ಟರು. ಅಷ್ಟರಲ್ಲಿ ನೆಲದ ಮೇಲಿನವರು ನಾಲ್ಕು ಥ್ರಸ್ಟರ್‌ಗಳನ್ನು ಮತ್ತೆ ಚಾಲೂ ಮಾಡಿದರು. ಮುಂದೆ ಅದೇ ನೌಕೆ ಸೆಪ್ಟೆಂಬರ್‌ನಲ್ಲಿ ಖಾಲಿಯಾಗಿ, ತಾನಾಗಿಯೇ, ಸುರಕ್ಷಿತವಾಗಿ ಇಳಿಯಿತು! ಎರಡೂ ಒಂದೇ ನೌಕೆಯ ಕಥೆ. ಒಂದನ್ನು ಮಾತ್ರ ಹೇಳಿ ವಾದ ಗೆಲ್ಲಬಹುದು, ನನಗೆ ಅದು ಇಷ್ಟವಿಲ್ಲ.

ಆ ಯಾನದ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ನಿಲ್ದಾಣದಲ್ಲಿ ಮೂತ್ರವನ್ನು ಕುಡಿಯುವ ನೀರು ಮಾಡುವ ಯಂತ್ರದ ಒಂದು ಪಂಪ್ ಕೆಟ್ಟಿತ್ತು. ಹೊಸ ಪಂಪಿಗೆ ಜಾಗ ಬೇಕಲ್ಲ, ಕೊನೇ ಗಳಿಗೆಯಲ್ಲಿ ಇಬ್ಬರ ಬಟ್ಟೆಯ ಪೆಟ್ಟಿಗೆಗಳನ್ನೇ ಇಳಿಸಿದರು. ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಸೇರಿ ನಿಲ್ದಾಣದಲ್ಲಿ ಈಗ 98% ನೀರನ್ನು ಮತ್ತೆ ಬಳಸಲು ಆಗುತ್ತಿದೆ. 2023ರಲ್ಲಿ ಈ ಗುರಿ ಮುಟ್ಟಿದರು. ರಾಕೆಟ್ ಇಳಿಯುವ ವಿಡಿಯೋ ಲಕ್ಷಾಂತರ ಜನ ನೋಡುತ್ತಾರೆ, ಈ ಯಂತ್ರವನ್ನು ಯಾರು ನೋಡುತ್ತಾರೆ? ದೂರ ಹೋಗಲು ಇದಿಲ್ಲದೆ ಆಗೋದಿಲ್ಲ. ಮಂಗಳದ ದಾರಿಯಲ್ಲಿ ಪಂಪ್ ಕೆಟ್ಟರೆ ಯಾರೂ ತಂದುಕೊಡೋದಿಲ್ಲ. ಒಳಗಿರುವವರೇ ಬಿಚ್ಚಿ ರಿಪೇರಿ ಮಾಡಬೇಕು. 2014ರಲ್ಲಿ ನಿಲ್ದಾಣಕ್ಕೆ ಒಂದು ಸ್ಪ್ಯಾನರಿನ ವಿನ್ಯಾಸವನ್ನು ಭೂಮಿಯಿಂದ ಫೈಲ್ ರೂಪದಲ್ಲಿ ಕಳಿಸಿ, ಅಲ್ಲೇ 3ಡಿ ಪ್ರಿಂಟರಿನಲ್ಲಿ ಮಾಡಿಕೊಂಡಿದ್ದು ಇದೇ ಯೋಚನೆಯಿಂದ.

ಕೇಳಿ ಮಾಡೋಣ ಅಂದರೆ ಅದೂ ಕಷ್ಟ. ಮಂಗಳದಿಂದ ಭೂಮಿಗೆ ಮಾತು ತಲುಪಲು 3ರಿಂದ 22 ನಿಮಿಷ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಹಾಗಾಗಿ ಹತ್ತಿರದ ಕಕ್ಷೆಯಲ್ಲಿ ಮನುಷ್ಯನ ಕೆಲಸ ಕಡಿಮೆಯಾಗುತ್ತಿದೆ, ದೂರ ಹೋದಷ್ಟೂ ಜಾಸ್ತಿಯಾಗುತ್ತದೆ. ನನ್ನ ಉತ್ತರ ಇಷ್ಟೇ.

ಇನ್ನು ಆ ಹತ್ತು ವರ್ಷದ ಮಾತು. ತಂತ್ರಜ್ಞಾನ ಎಷ್ಟೇ ಬದಲಾಗಲಿ, ದೇಹ ಹಳೆಯದೇ. ತೂಕವಿಲ್ಲದ ಕಡೆ ಸೊಂಟದಂಥ ಭಾರ ಹೊರುವ ಮೂಳೆಗಳು ತಿಂಗಳಿಗೆ ಸುಮಾರು 1% ಸವೆಯುತ್ತವೆ. ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡಿ ಇದನ್ನು ತಕ್ಕಮಟ್ಟಿಗೆ ತಡೆಯಬಹುದು. ವಿಕಿರಣಕ್ಕೆ ಆ ಉಪಾಯವಿಲ್ಲ. ಮಂಗಳಕ್ಕೆ ಕಳಿಸಿದ ಯಂತ್ರವಾಹನ ಕ್ಯೂರಿಯಾಸಿಟಿ ರೋವರ್ ದಾರಿಯುದ್ದಕ್ಕೂ ಅಳೆದ ಲೆಕ್ಕದಲ್ಲಿ ಮಂಗಳಕ್ಕೆ ಹೋಗಿ ಬರುವ ಪ್ರಯಾಣಕ್ಕೇ ಸುಮಾರು 660 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ವಿಕಿರಣ ಬೀಳುತ್ತದೆ. ಒಬ್ಬ ಗಗನಯಾತ್ರಿಯ ಇಡೀ ವೃತ್ತಿಗೆ ನಾಸಾ ಇಟ್ಟಿರುವ ಮಿತಿ 600.

ಬೇಗ ಹೋಗಿ ಬೇಗ ಬಂದರೆ ಇದು ಕಡಿಮೆಯಾಗುತ್ತದೆ. ಅದಕ್ಕೆ ಅಣುಶಕ್ತಿಯ ರಾಕೆಟ್ ಎಂಜಿನ್ ಬೇಕು ಅನ್ನುವವರಿದ್ದಾರೆ. ಅಮೆರಿಕ 1960ರ ದಶಕದಲ್ಲೇ ಅಂಥ ಎಂಜಿನ್‌ಗಳನ್ನು ನೆಲದ ಮೇಲೆ ಪರೀಕ್ಷಿಸಿತ್ತು. ಬಾಹ್ಯಾಕಾಶದಲ್ಲಿ ಇನ್ನೂ ಒಂದೂ ಓಡಿಲ್ಲ. ಚಂದ್ರನ ಮೇಲೆ ಮತ್ತೆ ಮನುಷ್ಯ ಇಳಿಯೋದನ್ನು ಈ ಹತ್ತು ವರ್ಷದಲ್ಲಿ ನೋಡಬಹುದು ಅನ್ನಿಸುತ್ತದೆ. ಮಂಗಳದ ವಿಷಯದಲ್ಲಿ ಆ ಮಾತನ್ನು ನಾನು ನಂಬೋದಿಲ್ಲ.

– ಸಂಪಾದಕ