ಮತ್ತೆ ಮತ್ತೆ ಮಿಣುಕುವ ಪರದೆ: ಬದಲಿಸಬೇಕಾದದ್ದು ಯಾವುದು?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ವಾರಂಟಿ ಮುಗಿಯಲು ಇನ್ನು ಎರಡೇ ತಿಂಗಳು. ಪರದೆ ಮಿಣುಕುತ್ತದೆ, ಗೆರೆಗಳು ಬರುತ್ತವೆ. ಮಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ಎರಡು ಸಲ ಪರದೆ ಬದಲಿಸಿಕೊಟ್ಟರು. ಎರಡು ಸಲವೂ ತಿಂಗಳು ತುಂಬುವುದರೊಳಗೆ ಅದೇ ತೊಂದರೆ. ಮುಚ್ಚಳವನ್ನು ತುಸು ಹಿಂದಕ್ಕೆ ಸರಿಸಿದರೆ ಸರಿಯಾಗುತ್ತದೆ. ಈಗ ಕೊಂಡುಹೋದರೆ ‘ದೋಷ ಕಾಣುತ್ತಿಲ್ಲ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಕಿನ್ನಿಮೂಲ್ಕಿ, ಉಡುಪಿ

ಉತ್ತರ: ಮುಚ್ಚಳ ಸರಿಸಿದರೆ ಸರಿಯಾಗುತ್ತದೆ ಎಂದಿರಲ್ಲ, ದೋಷದ ಗುರುತು ಅಲ್ಲೇ ಇದೆ. ಕೆಟ್ಟಿರುವುದು ಬಹುಮಟ್ಟಿಗೆ ಪರದೆಯಲ್ಲ, ಡಿಸ್‌ಪ್ಲೇ ಕೇಬಲ್. ಮದರ್‌ಬೋರ್ಡಿನಿಂದ, ಅಂದರೆ ಲ್ಯಾಪ್‌ಟಾಪಿನೊಳಗಿನ ಮುಖ್ಯ ಸರ್ಕಿಟ್ ಹಲಗೆಯಿಂದ ಹೊರಟ ಈ ಕೇಬಲ್ ಮುಚ್ಚಳ ತಿರುಗುವ ಕೀಲಿನ, ಅಂದರೆ ಹಿಂಜಿನ ಪಕ್ಕದಲ್ಲೇ ಹಾದು, ಪರದೆಯ ಹಿಂಬದಿಯ 30 ಅಥವಾ 40 ಪಿನ್ನಿನ ಕನೆಕ್ಟರಿಗೆ ಸೇರುತ್ತದೆ. ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಅದು ಬಾಗುತ್ತದೆ. ಒಳಗಿನ ಕೂದಲೆಳೆಯಂಥ ತಂತಿಗಳು ಕ್ರಮೇಣ ತುಂಡಾಗುತ್ತವೆ. ಪರದೆ ಬದಲಿಸುವವರು ಎಷ್ಟೋ ಸಲ ಹಳೆಯ ಕೇಬಲನ್ನೇ ಹೊಸ ಪರದೆಗೆ ಸಿಕ್ಕಿಸುತ್ತಾರೆ. ಕಳಚಿ ಕೂರಿಸುವಾಗ ಕೇಬಲ್ ತುಸು ಜರುಗಿ ಕೆಲವು ವಾರ ಸಂಪರ್ಕ ಸಿಗುತ್ತದೆ, ಆಮೇಲೆ ಮತ್ತೆ ಹೋಗುತ್ತದೆ. ಆದ್ದರಿಂದ ಮೂರನೇ ಪರದೆ ಕೇಳಬೇಡಿ. ಕೇಬಲ್ ಬದಲಿಸಿ, ಹಿಂಜ್ ಪರೀಕ್ಷಿಸಿ ಎಂದು ಕೇಳಿ. ತೆರೆಯುವಾಗ ಹಿಂಜಿನ ಬಳಿ ಚೌಕಟ್ಟು ಬಾಯಿಬಿಟ್ಟರೆ ಅಥವಾ ‘ಕಟಕ್’ ಎಂದರೆ ಅದನ್ನೂ ಹೇಳಿ; ಹಿಂಜ್ ಸಡಿಲವಾಗಿದ್ದರೆ ಹೊಸ ಕೇಬಲೂ ಬಾಳುವುದಿಲ್ಲ.

ಮನೆಯಲ್ಲೇ ಖಚಿತಪಡಿಸಿಕೊಳ್ಳಿ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದಾಗ ಟಿವಿಯಲ್ಲಿ ಚಿತ್ರ ಸ್ಥಿರವಾಗಿದ್ದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಅನುಮಾನ ಬೇಡ. ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ, ಅಂದರೆ ಬಯೋಸ್ ಪುಟದಲ್ಲೂ ಮಿಣುಕಿದರೆ ಡ್ರೈವರ್ (ವಿಂಡೋಸಿನಲ್ಲಿ ಪರದೆ ನಡೆಸುವ ತಂತ್ರಾಂಶ) ಕಾರಣವಲ್ಲ. ‘ವಿಂಡೋಸ್ ಹೊಸದಾಗಿ ಹಾಕಿ ನೋಡುತ್ತೇವೆ’ ಎಂಬ ಮಾತಿಗೆ ಇದೇ ಉತ್ತರ. ಮುಚ್ಚಳ ಹೇಗೆ ಆಡಿಸಿದರೂ ಕದಲದ ಲಂಬಗೆರೆ ಇದ್ದರೆ ಮಾತ್ರ ಪರದೆಯನ್ನೇ ಶಂಕಿಸಬೇಕು.

ಬಯೋಸ್ ಪುಟ ತೆರೆದಿಟ್ಟು ಮುಚ್ಚಳವನ್ನು ನಿಧಾನವಾಗಿ ಎತ್ತುತ್ತ, ಇಳಿಸುತ್ತ ಮೊಬೈಲಿನಲ್ಲಿ ವಿಡಿಯೊ ಮಾಡಿ. ಅದೇ ವಿಡಿಯೊದಲ್ಲಿ ತಳಭಾಗದ ಸೀರಿಯಲ್ ನಂಬರ್ ಕಾಣಲಿ. ಕೌಂಟರಿನಲ್ಲಿ ಮುಚ್ಚಳ ಒಂದೇ ಕೋನದಲ್ಲಿ ನಿಂತಿರುವುದರಿಂದ ದೋಷ ಕಾಣದೇ ಹೋಗುತ್ತದೆ. ಸರ್ವಿಸ್ ಸೆಂಟರಿನವರು ದುರಸ್ತಿಯ ವಿವರ ಬರೆದುಕೊಡುವ ಜಾಬ್ ಶೀಟಿನಲ್ಲಿ ‘ಪರದೆ ಸಮಸ್ಯೆ’ ಎಂದಷ್ಟೇ ಬರೆದರೆ ಒಪ್ಪಬೇಡಿ. ‘ಮುಚ್ಚಳದ ಕೋನ ಬದಲಾದಾಗ ಮಿಣುಕು, ಮೂರನೇ ಸಲ’ ಎಂದು ಬರೆಸಿ. ಬದಲಿಸಿದ ಭಾಗದ ಹೆಸರೂ ಅದರಲ್ಲಿರಬೇಕು. ವಾರಂಟಿ ಮುಗಿಯುವ ಮೊದಲೇ ಕಂಪನಿಗೆ ಇಮೇಲ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಹಿಂದಿನ ಎರಡು ಜಾಬ್ ಶೀಟುಗಳನ್ನೂ ಲಗತ್ತಿಸಿ.

ಒಂದು ಎಚ್ಚರಿಕೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ನುಗಳಲ್ಲಿ ಕಿಲುಬು ಹಿಡಿಯಬಹುದು. ಅದನ್ನು ತೋರಿಸಿ ‘ನೀರು ಬಿದ್ದಿದೆ, ವಾರಂಟಿ ಇಲ್ಲ’ ಎಂದರೆ ಯಾವ ಭಾಗದಲ್ಲಿ ಎಂಬುದಕ್ಕೆ ಫೋಟೊ, ಲಿಖಿತ ಕಾರಣ ಕೇಳಿ. ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಲೇಬೇಡಿ.

ಇಷ್ಟಾದರೂ ಆಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಮುಂದಿನ ಹೆಜ್ಜೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ದೂರು ಸಲ್ಲಿಸಲು ಇರುವ ಅವಧಿ 2 ವರ್ಷ. ದೋಷ ನಿವಾರಣೆ, ಬದಲಿ ಲ್ಯಾಪ್‌ಟಾಪ್ ಅಥವಾ ಹಣ ವಾಪಸ್‌, ಇವುಗಳಲ್ಲಿ ಏನು ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಈ ಸಲ ಒಪ್ಪಿಸುವ ಮುನ್ನ ಕಡತಗಳ ಬ್ಯಾಕಪ್ ತೆಗೆದುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಬದಲಾದರೆ ಆ 48 ಅಂಕಿಗಳಿಲ್ಲದೆ ಡಿಸ್ಕ್ ತೆರೆಯುವುದಿಲ್ಲ.